ಓಟದ ಸಾಲಿನಲ್ಲಿ ಮಕ್ಕಳ ಸ್ಥಾನ

(ಊರಿನ ಸಾರ್ವಜನಿಕ ಓಟದ ಸ್ವಯಂಸೇವಕರ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾವು ಸೇರಿರುವುದು ಬೋನಸ್ಸಿನ ಮಾತಿಗಲ್ಲ, ಬೆಲೆಯೇರಿಕೆಯ ಮಾತಿಗೂ ಅಲ್ಲ. ಬರುವ ತಿಂಗಳು ನಮ್ಮ ಊರಿನಲ್ಲಿ ನಡೆಯುವ 5 ಕಿಲೋಮೀಟರ್ ಓಟದ ಏರ್ಪಾಡಿಗಾಗಿ ಸೇರಿದ್ದೇವೆ. ಹಗ್ಗ ಯಾರದು, ನೀರು ಯಾರದು, ಮೈಕು ಯಾರದು ಎಂಬ ಮಾತುಗಳೆಲ್ಲ ಮುಗಿದವು. ಒಂದು ವಿಷಯ ಮಾತ್ರ ಹಾಗೆಯೇ ಉಳಿದುಕೊಂಡಿದೆ. ಸಣ್ಣ ಮಕ್ಕಳನ್ನು ಎಲ್ಲಿ ನಿಲ್ಲಿಸಬೇಕು ಎಂಬುದೇ ಆ ವಿಷಯ.

"ಮಕ್ಕಳು ಎಲ್ಲರಿಗಿಂತ ಮುಂದೆ ನಿಲ್ಲಲಿ, ನೋಡಲು ಚೆಂದ" ಎಂದು ಕೆಲವರು ಹೇಳಿದ್ದಾರೆ. "ಅಂಗಡಿಯ ಹೆಸರಿರುವ ಅಂಗಿ ಹಾಕಿಸಿ ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತೇವೆ" ಎಂದು ಒಬ್ಬಿಬ್ಬರು ವರ್ತಕ ಮಿತ್ರರೂ ಕೇಳಿದ್ದಾರೆ. ತಂದೆತಾಯಿಗಳಂತೂ ಕೇಳುವ ಗೋಜಿಗೇ ಹೋಗುವುದಿಲ್ಲ. ಓಟದ ದಿನ ಮಗುವಿನ ಕೈಹಿಡಿದು ನೇರವಾಗಿ ಸುಣ್ಣದ ಗೆರೆಯ ಮೇಲೆ ತಂದು ನಿಲ್ಲಿಸಿಬಿಡುತ್ತಾರೆ. ಯಾವ ಊರಿನ ಓಟಕ್ಕೆ ಹೋದರೂ ಈ ನೋಟ ತಪ್ಪಿದ್ದಲ್ಲ. ಮುಂದೆ ಆರು, ಏಳು, ಎಂಟು ವರ್ಷದ ಮಕ್ಕಳ ಸಾಲು. ಅವರ ಬೆನ್ನಿಗೆ ಅಂಟಿಕೊಂಡಂತೆ ಗಟ್ಟಿಮುಟ್ಟಾದ ಯುವಕರ ಸಾಲು.

ಇದು ಸಣ್ಣ ವಿಷಯವೆಂದು ತಾವು ಭಾವಿಸಬಹುದು. ನಮ್ಮ ದೃಷ್ಟಿಯಲ್ಲಿ ಇದು ಸಣ್ಣದಲ್ಲ. ಮಗುವಿನ ಕೈಕಾಲಿನ ಪ್ರಶ್ನೆ ಇದರಲ್ಲಿದೆ. ಸಾಲು ಎಂದರೇನು, ಅದರಲ್ಲಿ ಮುಂದಿನ ಸ್ಥಾನ ಯಾರಿಗೆ, ಏಕೆ ಎಂಬ ಪ್ರಶ್ನೆಯೂ ಇದೆ. ಸಾಲಿನಲ್ಲಿ ನಿಂತು ನಿಂತು ಆಯುಷ್ಯ ಸವೆಸಿದ ಜನ ನಾವು. ಆದ್ದರಿಂದ ಈ ವಿಚಾರವನ್ನು ನಾವಲ್ಲದೆ ಇನ್ನಾರು ಯೋಚಿಸಬೇಕು?

ಮೊದಲು, ಈ ವಾಡಿಕೆ ಎಲ್ಲಿಂದ ಬಂತು ಎಂಬುದನ್ನು ನೋಡೋಣ. ನಾವು ಕೆಲವು ಕಾಲ ಮೇಷ್ಟರ ಕೆಲಸ ಮಾಡಿದವರು. ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಗಂಟೆ ಬಾರಿಸಿದೊಡನೆ ಮಕ್ಕಳು ಎತ್ತರದ ಪ್ರಕಾರ ನಿಲ್ಲುತ್ತಾರೆ. ಗಿಡ್ಡವರು ಮುಂದೆ, ಉದ್ದದವರು ಹಿಂದೆ. ಕವಾಯತಿನಲ್ಲೂ ಹಾಗೆಯೇ. ವರ್ಷದ ಕೊನೆಯಲ್ಲಿ ಫೋಟೋ ತೆಗೆಸುವಾಗ ಒಂದನೆಯ ತರಗತಿಯವರು ನೆಲದ ಮೇಲೆ, ಮೇಷ್ಟರು ಕುರ್ಚಿಯ ಮೇಲೆ, ದೊಡ್ಡ ಹುಡುಗರು ಬೆಂಚಿನ ಮೇಲೆ. ಬಯಲಾಟದ ಮುಂದೆಯೂ ಮಕ್ಕಳೇ ಚಾಪೆ ಹಿಡಿದು ಕುಳಿತಿರುತ್ತಾರೆ. ಮದುವೆಯ ಮನೆಯಲ್ಲಿ "ಮೊದಲು ಮಕ್ಕಳಿಗೆ ಎಲೆ ಹಾಕಿ" ಎಂದು ಹಿರಿಯರು ಕೂಗುತ್ತಾರೆ. ಪ್ರಭಾತಫೇರಿಯಲ್ಲಿ ಬಾವುಟ ಹಿಡಿದು ಮುಂದೆ ನಡೆಯುವವರೂ ಮಕ್ಕಳೇ.

ಇವೆಲ್ಲ ಒಳ್ಳೆಯ ಪದ್ಧತಿಗಳು. ಅವುಗಳ ಹಿಂದೆ ನ್ಯಾಯವಿದೆ. ಗಿಡ್ಡವನು ಹಿಂದೆ ನಿಂತರೆ ಅವನಿಗೆ ಏನೂ ಕಾಣುವುದಿಲ್ಲ. ಮುಂದೆ ನಿಂತರೆ ಅವನಿಗೂ ಕಾಣುತ್ತದೆ, ಹಿಂದಿನವನಿಗೂ ಅಡ್ಡಿಯಾಗುವುದಿಲ್ಲ. ಹಸಿವು ತಾಳಲಾರದ ಮಗುವಿಗೆ ಮೊದಲು ಬಡಿಸುವುದು ಧರ್ಮ. ಆದರೆ ಒಂದು ಮಾತನ್ನು ಗಮನಿಸಬೇಕು. ಇವೆಲ್ಲ ನಿಂತ ಸಾಲುಗಳು, ಕುಳಿತ ಸಾಲುಗಳು, ಬಹಳವೆಂದರೆ ಒಂದೇ ಹೆಜ್ಜೆಯಲ್ಲಿ ನಡೆಯುವ ಸಾಲುಗಳು. ಓಟದ ಸಾಲು ಹಾಗಲ್ಲ. ಸೀಟಿ ಊದುವ ತನಕ ಅದು ನಿಂತ ಸಾಲು. ಊದಿದ ಮರುಕ್ಷಣ ಅದು ಚಲಿಸುವ ಯಂತ್ರ. ನಿಂತ ಸಾಲಿನ ನ್ಯಾಯವನ್ನು ತಂದು ಓಡುವ ಸಾಲಿಗೆ ಹಚ್ಚುವುದರಿಂದಲೇ ಅನಾಹುತ ಹುಟ್ಟುತ್ತದೆ.

ಇದನ್ನು ಲೆಕ್ಕದಲ್ಲಿ ನೋಡೋಣ. ನಮ್ಮ ಪೇಟೆಯ ರಸ್ತೆಯಂಥ ರಸ್ತೆ 8 ಮೀಟರ್ ಅಗಲವಿದೆ ಎಂದು ಇಟ್ಟುಕೊಳ್ಳಿ. ಒಂದು ಸಾಲಿಗೆ 10 ಜನ ನಿಲ್ಲಬಹುದು. 600 ಜನ ಸೇರಿದರೆ 60 ಸಾಲು. ಅವರಲ್ಲಿ 40 ಮಂದಿ ಸಣ್ಣ ಮಕ್ಕಳು. ಅವರನ್ನು ಮುಂದಿನ 4 ಸಾಲುಗಳಲ್ಲಿ ನಿಲ್ಲಿಸಿದೆವು. ಈಗ ಹಿಂದಿರುವ 560 ಜನರಲ್ಲಿ ಹೆಚ್ಚಿನವರು ಓಟದ ಮೊದಲ ಒಂದೆರಡು ನಿಮಿಷದಲ್ಲಿ ಆ 40 ಮಕ್ಕಳನ್ನು ದಾಟಿಯೇ ಹೋಗಬೇಕು. ಬೇರೆ ದಾರಿ ಇಲ್ಲ. ಎಡಕ್ಕೆ ಚರಂಡಿ, ಬಲಕ್ಕೆ ನೋಡಲು ನಿಂತ ಜನ.

ಇನ್ನು ವೇಗದ ಲೆಕ್ಕ. 5 ಕಿಲೋಮೀಟರನ್ನು 20 ನಿಮಿಷದಲ್ಲಿ ಮುಗಿಸುವ ಯುವಕ ಸೆಕೆಂಡಿಗೆ 4 ಮೀಟರಿಗಿಂತ ಸ್ವಲ್ಪ ಹೆಚ್ಚು ಓಡುತ್ತಾನೆ. ಏಳು ವರ್ಷದ ಮಗುವಿಗೆ ಅಳೆದು ಓಡುವುದು ತಿಳಿಯದು. ಅದಕ್ಕೆ ಗೊತ್ತಿರುವುದು ಒಂದೇ ಓಟ, ಇರುವ ಶಕ್ತಿಯನ್ನೆಲ್ಲ ಒಮ್ಮೆಗೇ ಸುರಿಯುವ ಓಟ. ಮೊದಲ ಐವತ್ತು ನೂರು ಮೀಟರು ಬಾಣದಂತೆ ಹೋಗುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಎದೆ ಹೊಡೆದುಕೊಳ್ಳುತ್ತದೆ, ಪಕ್ಕೆ ಹಿಡಿಯುತ್ತದೆ. ಮಗು ನಿಲ್ಲುತ್ತದೆ, ಅದೂ ರಸ್ತೆಯ ಬದಿಗೆ ಬಂದು ಅಲ್ಲ, ನಟ್ಟನಡುವೆ. ಅಪ್ಪ ಎಲ್ಲಿದ್ದಾನೆ ಎಂದು ಹಿಂದಕ್ಕೆ ತಿರುಗುತ್ತದೆ. ಬೂಟಿನ ದಾರ ಬಿಚ್ಚಿದ್ದರೆ ಅಲ್ಲಿಯೇ ಬಗ್ಗುತ್ತದೆ. ಇದು ಮಗುವಿನ ತಪ್ಪಲ್ಲ, ಮಗುವಿನ ಸ್ವಭಾವ.

ನಿಧಾನವಾಗಿ ನಡೆಯುವ ಮಗು ಸೆಕೆಂಡಿಗೆ ಒಂದು ಮೀಟರು ಸಾಗುತ್ತದೆ. ಹಿಂದಿನಿಂದ ಬರುವವನು ನಾಲ್ಕು ಮೀಟರು ಸಾಗುತ್ತಾನೆ. ಎಂದರೆ ಪ್ರತಿ ಸೆಕೆಂಡಿಗೆ ಮೂರು ಮೀಟರಿನಂತೆ ಅವನು ಮಗುವಿನ ಮೇಲೆ ಏರಿಬರುತ್ತಾನೆ. ಒತ್ತಿಕೊಂಡ ಗುಂಪಿನಲ್ಲಿ ಅವನಿಗೆ ಮುಂದಿನವನ ಬೆನ್ನು ಮಾತ್ರ ಕಾಣುತ್ತದೆ. ಮಗುವಿನ ತಲೆ ದೊಡ್ಡವರ ಎದೆಯ ಮಟ್ಟಕ್ಕೂ ಬರುವುದಿಲ್ಲ. ಮುಂದಿನವನು ಮಗುವನ್ನು ಕಂಡು ಪಕ್ಕಕ್ಕೆ ಸರಿದಾಗಲೇ ಹಿಂದಿನವನಿಗೆ ಮಗು ಕಾಣುವುದು. ಆಗ ಉಳಿದಿರುವ ಅಂತರ ಒಂದು ಮೀಟರು. ಉಳಿದಿರುವ ಸಮಯ ಒಂದು ಸೆಕೆಂಡಿನ ಮೂರರಲ್ಲಿ ಒಂದು ಪಾಲು. ಕಣ್ಣು ಕಂಡದ್ದು ಮನಸ್ಸಿಗೆ ತಿಳಿಯಲು ಅದರಲ್ಲಿ ಹೆಚ್ಚಿನ ಭಾಗ ಕಳೆದುಹೋಗುತ್ತದೆ. ಹೆಜ್ಜೆ ಬದಲಿಸಲು ಸಮಯವೇ ಇಲ್ಲ. 20 ಕಿಲೋ ತೂಕದ ಮಗುವಿನ ಮೇಲೆ 60 ಕಿಲೋ ತೂಕದ ಮನುಷ್ಯ ಬೀಳುತ್ತಾನೆ. ಅವನ ಮೇಲೆ ಇನ್ನೊಬ್ಬ.

ಆತನನ್ನು ನಾವು ಬಯ್ಯಬಹುದೆ? ಅವನು ಯಾವ ತಪ್ಪನ್ನೂ ಮಾಡಿಲ್ಲ. ಗುಂಪಿನ ಹಿಂಭಾಗಕ್ಕೆ ಮುಂಭಾಗದ ಸುದ್ದಿ ತಿಳಿಯುವುದಿಲ್ಲ. ಮುಂದಿರುವವರು ಎಡವಿದಾಗಲೂ ಹಿಂದಿರುವವರು ತಳ್ಳುತ್ತಲೇ ಇರುತ್ತಾರೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ವಿಜಯೋತ್ಸವಕ್ಕೆ ಸೇರಿದ್ದ ಜನಜಂಗುಳಿಯಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಅದು ಓಟದ ಸ್ಪರ್ಧೆಯಲ್ಲ. ಅಲ್ಲಿನ ಜನಸಂಖ್ಯೆಗೂ ನಮ್ಮ ಊರಿನ ಓಟಕ್ಕೂ ಹೋಲಿಕೆಯೂ ಇಲ್ಲ. ಆದರೆ ಗುಂಪಿನ ಗುಣ ಎಲ್ಲ ಕಡೆಯೂ ಒಂದೇ. ಸತ್ತವರನ್ನು ಕೊಲ್ಲಬೇಕೆಂದು ಅಲ್ಲಿ ಯಾರೂ ಬಂದಿರಲಿಲ್ಲ. ಏರ್ಪಾಡು ಇಲ್ಲದ ಕಡೆ ಒಳ್ಳೆಯ ಜನರ ಕಾಲೇ ಇನ್ನೊಬ್ಬರಿಗೆ ಮೃತ್ಯುವಾಗುತ್ತದೆ.

ಈ ತಿಳಿವಳಿಕೆ ನಮ್ಮ ಜನಕ್ಕೆ ಹೊಸದೇನೂ ಅಲ್ಲ. ತೇರಿನ ಜಾತ್ರೆಯನ್ನು ನೆನೆಯಿರಿ. ಅಲ್ಲಿಯೂ ಮಕ್ಕಳಿಗೆ ತೇರು ಕಾಣಬೇಕು. ಆದರೆ ತೇರು ಕಾಣಲೆಂದು ಯಾವ ತಾಯಿಯಾದರೂ ಮಗುವನ್ನು ಗಾಲಿಯ ಮುಂದೆ ನಿಲ್ಲಿಸುತ್ತಾಳೆಯೆ? ಹೆಗಲ ಮೇಲೆ ಕೂರಿಸಿಕೊಳ್ಳುತ್ತಾರೆ, ಜಗುಲಿಯ ಮೇಲೆ ನಿಲ್ಲಿಸುತ್ತಾರೆ, ಅಲ್ಲಿಂದಲೇ ಬಾಳೆಹಣ್ಣು ಎಸೆಯಿಸುತ್ತಾರೆ. ಮಗುವಿಗೆ ನೋಟವೂ ಸಿಕ್ಕಿತು, ಪಾಲೂ ಸಿಕ್ಕಿತು. ಗಾಲಿಯ ದಾರಿಯೊಂದನ್ನು ಮಾತ್ರ ಬಿಟ್ಟರು. ನಮ್ಮ ಅಜ್ಜ ಅಜ್ಜಿಯರ ಆ ವಿವೇಕವನ್ನು ಓಟದ ದಿನ ನಾವು ಏಕೆ ಮರೆಯಬೇಕು?

ಗಿರಣಿಯ ಅಣ್ಣಂದಿರಿಗೆ ಇನ್ನೂ ಹತ್ತಿರದ ಉದಾಹರಣೆಯಿದೆ. 14 ವರ್ಷ ತುಂಬದ ಮಗುವನ್ನು ಕಾರ್ಖಾನೆಯಲ್ಲಿ ದುಡಿಸಬಾರದೆಂದು 1948ರ ಕಾರ್ಖಾನೆ ಕಾಯಿದೆಯಲ್ಲಿ ಬರೆಯಲಾಗಿತ್ತು. ಅದೇ ಕಾಯಿದೆ, ಚಲಿಸುತ್ತಿರುವ ಯಂತ್ರವನ್ನು ಒರೆಸುವುದಕ್ಕೂ ಎಣ್ಣೆ ಹಾಕುವುದಕ್ಕೂ ಎಳೆಯರನ್ನು ಬಿಡಬಾರದೆಂದು ವಿಧಿಸಿತ್ತು. ಯಂತ್ರ ನಿಂತಿರುವಾಗ ಅದು ಬರೀ ಕಬ್ಬಿಣ. ತಿರುಗುವಾಗ ಅದಕ್ಕೆ ಮಗು ಯಾವುದು, ನೂಲು ಯಾವುದು ತಿಳಿಯದು. ಈ ರಕ್ಷಣೆಯನ್ನು ಮಾಲೀಕರು ಪ್ರೀತಿಯಿಂದ ಕೊಟ್ಟದ್ದಲ್ಲ. ದುಡಿಯುವ ಜನ ಬೆರಳು ಕಳೆದುಕೊಂಡು, ಕೈ ಕಳೆದುಕೊಂಡು, ಕೂಗಿ ಕೇಳಿ ಪಡೆದದ್ದು. ಗಿರಣಿಯೊಳಗೆ ಒಪ್ಪದ ಮಾತನ್ನು ಬೀದಿಯಲ್ಲಿ ನಾವೇ ಒಪ್ಪುವುದು ತರವಲ್ಲ.

ಹಾಗೆಯೇ ಹಿಂದೆ ನಿಂತವನ ಕಷ್ಟವನ್ನೂ ನೋಡಬೇಕು. ರಾತ್ರಿ ಪಾಳಿ ಮುಗಿಸಿ, ಬೆಳಗಿನ ಜಾವ ಕೆರೆಯ ಏರಿಯ ಮೇಲೆ ಓಡಿ ಓಡಿ ಅಭ್ಯಾಸ ಮಾಡಿದ ಹುಡುಗನಿದ್ದಾನೆ. ಅವನಿಗೆ ವರ್ಷಕ್ಕೊಮ್ಮೆ ಬರುವ ಅವಕಾಶ ಇದು. ಸೀಟಿ ಊದಿದ ಮೇಲೆ ಅವನು ಮಕ್ಕಳನ್ನು ತಪ್ಪಿಸುತ್ತ ಅಡ್ಡಾದಿಡ್ಡಿ ಹೆಜ್ಜೆ ಹಾಕಬೇಕು. ಕರುಣೆಯಿದ್ದವನು ನಿಧಾನಿಸುತ್ತಾನೆ, ಸೋಲುತ್ತಾನೆ. ಕರುಣೆಯಿಲ್ಲದವನು ನುಗ್ಗುತ್ತಾನೆ, ಗೆಲ್ಲುತ್ತಾನೆ. ಒಳ್ಳೆಯವನನ್ನು ಸೋಲಿಸಿ ನುಗ್ಗುವವನನ್ನು ಗೆಲ್ಲಿಸುವ ಏರ್ಪಾಡು ಎಂಥ ಏರ್ಪಾಡು? ಅಂಥ ಏರ್ಪಾಡುಗಳು ಲೋಕದಲ್ಲಿ ಬೇಕಾದಷ್ಟಿವೆ. ನಾವೂ ಒಂದನ್ನು ಕಟ್ಟುವುದು ಬೇಡ.

ಹೊರಗಿನವರು ಈ ಪ್ರಶ್ನೆಯನ್ನು ಹೇಗೆ ಬಿಡಿಸಿದ್ದಾರೆ ಎಂಬುದನ್ನೂ ತಿಳಿಯೋಣ. ಅಮೆರಿಕದ ಬಾಸ್ಟನ್ ನಗರದಲ್ಲಿ 1897ರಲ್ಲಿ ಮ್ಯಾರಥಾನ್ ಓಟ ಆರಂಭವಾಯಿತು. ಈಗ ಅಲ್ಲಿ 18 ವರ್ಷ ತುಂಬದವರಿಗೆ ಪ್ರವೇಶವಿಲ್ಲ. ಓಟಗಾರರನ್ನು ಅವರು ಹಿಂದಿನ ಓಟಗಳಲ್ಲಿ ತೆಗೆದುಕೊಂಡ ಕಾಲದ ಪ್ರಕಾರ ಗುಂಪು ಮಾಡಿ, ಒಂದರ ಹಿಂದೆ ಒಂದರಂತೆ ಬಿಡುತ್ತಾರೆ. ಲಂಡನ್ನಿನ ಮ್ಯಾರಥಾನ್ ಶುರುವಾದದ್ದು 1981ರಲ್ಲಿ. ಅಲ್ಲಿಯೂ 18 ವರ್ಷದ ಕಟ್ಟಳೆ. ಆದರೆ ಅವರು ಮಕ್ಕಳನ್ನು ಮನೆಗೆ ಕಳಿಸಲಿಲ್ಲ. ಎಳೆಯರಿಗಾಗಿ ಬೇರೆಯೇ ಕಿರು ಓಟವನ್ನು ಏರ್ಪಡಿಸಿದರು. ದೊಡ್ಡವರು ಮುಟ್ಟುವ ಕೊನೆಯ ಗೆರೆಯನ್ನೇ ಮಕ್ಕಳೂ ಮುಟ್ಟುತ್ತಾರೆ. ದೂರ ಮಾತ್ರ ಕಡಿಮೆ, ದಾರಿಯಲ್ಲಿ ಅವರ ಬೆನ್ನಟ್ಟಿ ಬರುವ ದೊಡ್ಡವರಿಲ್ಲ. ನಮ್ಮ ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ 10 ಕಿಲೋಮೀಟರ್ ಓಟದಲ್ಲೂ ಸ್ಪರ್ಧೆಗೆಂದು ಓಡುವವರು ಬೇರೆ, ನಲಿವಿಗೆಂದು ಓಡುವ "ಮಜಾ ರನ್" ಬೇರೆ.

ಇನ್ನೊಂದು ಸಂಗತಿ. 1990ರ ದಶಕದಿಂದ ದೊಡ್ಡ ಓಟಗಳಲ್ಲಿ ಚಿಪ್ ಎಂಬ ಸಣ್ಣ ಸಾಧನ ಬಂದಿದೆ. ಬೂಟಿಗೋ ಎದೆಯ ಮೇಲಿನ ಅಂಕಿಯ ಚೀಟಿಗೋ ಅದನ್ನು ಅಂಟಿಸಿರುತ್ತಾರೆ. ಓಟಗಾರ ಆರಂಭದ ಗೆರೆಯನ್ನು ದಾಟಿದಾಗ ಅವನ ಕಾಲಗಣನೆ ಶುರುವಾಗುತ್ತದೆ. ಕೊನೆಯ ಗೆರೆಯನ್ನು ದಾಟಿದಾಗ ನಿಲ್ಲುತ್ತದೆ. ಹತ್ತು ನಿಮಿಷ ತಡವಾಗಿ ಗೆರೆ ದಾಟಿದವನಿಗೂ ತಾನು ಓಡಿದ ಕಾಲದ ಲೆಕ್ಕ ಸರಿಯಾಗಿ ಸಿಗುತ್ತದೆ. ಮುಂದೆ ನುಗ್ಗಿ ನಿಲ್ಲಬೇಕೆಂಬ ಆಸೆಗೆ ಅದು ಅರ್ಧ ಔಷಧ. ನಮ್ಮ ಓಟದಲ್ಲಿ ಆ ಸಾಧನ ಇಲ್ಲ. ಸುಣ್ಣ, ಹಗ್ಗ, ಸೀಟಿ, ನಿಮ್ಮ ಬುದ್ಧಿ, ಇಷ್ಟೇ ನಮ್ಮ ಬಂಡವಾಳ. ಇಷ್ಟರಲ್ಲಿಯೇ ಕೆಲಸ ಚೆನ್ನಾಗಿ ನಡೆಯುತ್ತದೆ.

ಇಲ್ಲಿ ಒಬ್ಬ ಗೆಳೆಯರು ಎದ್ದು ಕೇಳಬಹುದು: "ನೀವು ಸಮಾನತೆಯ ಮಾತಾಡುವವರು. ಮಕ್ಕಳನ್ನು ಬೇರೆ ಮಾಡಿದರೆ ಅದು ಭೇದವಲ್ಲವೆ?" ಸರಿಯಾದ ಪ್ರಶ್ನೆ. ಉತ್ತರ ಆಟದ ಬಯಲಿನಲ್ಲಿಯೇ ಇದೆ. 400 ಮೀಟರ್ ಓಟದ ಆರಂಭವನ್ನು ನೋಡಿ. ಎಂಟನೆಯ ಪಥದಲ್ಲಿ ಓಡುವವನು ಒಂದನೆಯ ಪಥದವನಿಗಿಂತ ಸುಮಾರು 53 ಮೀಟರ್ ಮುಂದೆ ನಿಂತಿರುತ್ತಾನೆ. ನೋಡಿದವರಿಗೆ ಅನ್ಯಾಯವೆಂದು ತೋರುತ್ತದೆ. ಆದರೆ ಹೊರಗಿನ ಪಥದ ಸುತ್ತು ದೊಡ್ಡದು. ಆ ಹೆಚ್ಚಿನ ದೂರವನ್ನು ಅಳೆದೇ ಅಷ್ಟು ಮುಂದೆ ನಿಲ್ಲಿಸಿರುತ್ತಾರೆ. ಎಲ್ಲರೂ ಓಡುವುದು 400 ಮೀಟರ್ ಮಾತ್ರ. ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿದ್ದರೆ ಹೊರಗಿನವನಿಗೆ ಮೋಸವಾಗುತ್ತಿತ್ತು. ಒಬ್ಬೊಬ್ಬರ ಮುಂದಿರುವ ದಾರಿಯನ್ನು ಅಳೆದು ಸ್ಥಾನ ಕೊಡುವುದೇ ಸಮಾನತೆ. ಆಳೆತ್ತರದ ಯುವಕನನ್ನೂ ಅವನ ಸೊಂಟದೆತ್ತರದ ಮಗುವನ್ನೂ ಒಂದೇ ಗೆರೆಗೆ ತಂದು ನಿಲ್ಲಿಸುವುದು ಅಳತೆಯಿಲ್ಲದ ಉದಾರತನ.

ಇನ್ನು ತಂದೆತಾಯಿಗಳ ಮಾತು. ಇದನ್ನು ನಾವು ಗೌರವದಿಂದ ಆಡಬೇಕಾಗಿದೆ. ಮಗುವನ್ನು ಮುಂದೆ ತಂದು ನಿಲ್ಲಿಸುವ ತಂದೆಯನ್ನು ಮೂರ್ಖನೆಂದು ಬಯ್ಯುವುದು ಸುಲಭ. ಆದರೆ ಅವನ ಜೀವನವನ್ನು ನೋಡಿ. ನ್ಯಾಯಬೆಲೆ ಅಂಗಡಿಯಲ್ಲಿ ಅವನು ಸಾಲಿನ ಹಿಂದೆ. ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗ ಸಾಲಿನ ಹಿಂದೆ. ಬಡ್ತಿಯ ಪಟ್ಟಿಯಲ್ಲಿ ಹಿಂದೆ, ಸಾಲ ಕೊಡುವ ಬ್ಯಾಂಕಿನ ಬಾಗಿಲಲ್ಲಿ ಹಿಂದೆ. ಸಣ್ಣ ಅಂಗಡಿಯವನ ಕಥೆಯೂ ಇದೇ. ಸಗಟು ವ್ಯಾಪಾರಿಯ ಮುಂದೆ ಅವನು ಕೈಕಟ್ಟಿ ನಿಲ್ಲಬೇಕು. ಇಂಥವನಿಗೆ ವರ್ಷದಲ್ಲೊಂದು ದಿನ, ಯಾರಪ್ಪಣೆಯೂ ಬೇಕಿಲ್ಲದೆ ತನ್ನ ಮಗು ಎಲ್ಲರಿಗಿಂತ ಮುಂದೆ ನಿಲ್ಲುವ ಜಾಗವೊಂದು ಕಂಡಿತು. ಅವನು ಕೈಹಿಡಿದು ಕರೆತಂದ. ಆ ಆಸೆಯಲ್ಲಿ ತಪ್ಪಿಲ್ಲ. ತಾನು ಹಿಂದುಳಿದರೂ ಮಗು ಮುಂದೆ ಹೋಗಲಿ ಎಂಬ ಆಸೆ ಇಲ್ಲದಿದ್ದರೆ ಯಾವ ಚಳವಳಿಯೂ ಹುಟ್ಟುತ್ತಿರಲಿಲ್ಲ.

ಆದರೆ ಜನರ ಕಣ್ಣಿಗೆ ಕಾಣುವ ಮುಂದಿನ ಸ್ಥಾನವೇ ಬೇರೆ, ಮಗುವಿನ ಬಾಳಿಗೆ ಒದಗುವ ಮುಂದಿನ ಸ್ಥಾನವೇ ಬೇರೆ. ಇದಕ್ಕೊಂದು ದೊಡ್ಡ ನಿದರ್ಶನವನ್ನು ನಮ್ಮ ದೇಶವೇ ಕಂಡಿದೆ. 2006ರ ಮೇ 2ರಂದು ಆಗ ಒರಿಸ್ಸಾ ಎನಿಸಿದ್ದ ರಾಜ್ಯದಲ್ಲಿ ಬುಧಿಯಾ ಸಿಂಗ್ ಎಂಬ ನಾಲ್ಕು ವರ್ಷದ ಹುಡುಗ ಪುರಿಯಿಂದ ಭುವನೇಶ್ವರದ ಕಡೆಗೆ 65 ಕಿಲೋಮೀಟರ್ ಓಡಿದ. ತೆಗೆದುಕೊಂಡ ಕಾಲ 7 ಗಂಟೆ 2 ನಿಮಿಷ. ಭುವನೇಶ್ವರದ ಕೊಳೆಗೇರಿಯ ಬಡ ತಾಯಿಯೊಬ್ಬಳ ಮಗ ಅವನು. ಕೇಂದ್ರ ಮೀಸಲು ಪೊಲೀಸ್ ಪಡೆಯ ಜವಾನರು ಜೊತೆಗೆ ಓಡಿದರು, ಕ್ಯಾಮರಾಗಳು ಸುತ್ತುವರಿದವು, ದೇಶವೆಲ್ಲ ಬೆರಗಾಯಿತು. ವೈದ್ಯರು ಕಳವಳಪಟ್ಟರು. ಇಷ್ಟು ಎಳೆಯ ದೇಹಕ್ಕೆ ಇಂಥ ಓಟ ಸಲ್ಲದೆಂದು ಸರ್ಕಾರ ಅವನ ದೂರದ ಓಟಗಳನ್ನು ತಡೆಯಿತು. ಅವನಿಗೆ ಅನ್ನ ಹಾಕಿ ಸಾಕಿದವರೂ ಓಡಿಸಿದವರೂ ಒಬ್ಬರೇ ತರಬೇತುದಾರರು. 2008ರಲ್ಲಿ ಅವರು ಕೊಲೆಯಾದರು. ಹುಡುಗ ಸರ್ಕಾರಿ ಕ್ರೀಡಾ ವಸತಿನಿಲಯ ಸೇರಿದ್ದ. 2016ರಲ್ಲಿ ಅವನ ಮೇಲೆ ಚಲನಚಿತ್ರವೂ ಬಂತು. ಆದರೆ ಜನ ಕನಸು ಕಂಡಂತೆ ದೇಶಕ್ಕೆ ಪದಕ ತರುವ ಮ್ಯಾರಥಾನ್ ಓಟಗಾರನಾಗಿ ಅವನು ಬೆಳೆಯಲಿಲ್ಲ.

ಈ ಕಥೆಯಲ್ಲಿ ಒಬ್ಬರನ್ನು ದುಷ್ಟರೆಂದು ಕರೆದು ನಾವು ಕೈತೊಳೆದುಕೊಳ್ಳುವಂತಿಲ್ಲ. ಹಸಿದ ಮಗುವಿಗೆ ಓಡುವುದರಿಂದ ಅನ್ನ ಸಿಕ್ಕಿತು ಎಂಬುದೂ ನಿಜ. ಓಡದಿದ್ದರೆ ಅದರ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ ಎಂಬುದೂ ನಿಜ. ನಾವು ಕೇಳಬೇಕಾದ ಪ್ರಶ್ನೆ ಇದು: ಬಡವರ ಮಗು ಎಲ್ಲರ ಕಣ್ಣಿಗೆ ಬೀಳಬೇಕಾದರೆ ಅಪಾಯದ ಮುಂದೆಯೇ ಹೋಗಿ ನಿಲ್ಲಬೇಕೆ? ಹಾಲು, ಶಾಲೆ, ಆಟದ ಬಯಲು, ತಿಳಿದ ಗುರು, ಇವು ಕೇಳದೆಯೇ ಸಿಕ್ಕಿದ್ದರೆ ಆ ಮಗು ತನ್ನ ವಯಸ್ಸಿಗೆ ತಕ್ಕಷ್ಟು ಓಡಿ, ತನ್ನ ಕಾಲದಲ್ಲಿ ಬೆಳೆಯುತ್ತಿತ್ತು. ಮಕ್ಕಳ ಮೂಳೆಗಳ ತುದಿಯಲ್ಲಿ ಬೆಳೆಯುವ ಭಾಗ ಇನ್ನೂ ಮೆದುವಾಗಿರುತ್ತದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಎಳೆಯ ಗಿಡಕ್ಕೆ ಬೇಲಿ ಕಟ್ಟುತ್ತೇವೆ, ಅದು ಮರವಾಗಲಿ ಎಂದು. ಅದನ್ನು ದಾರಿಯ ನಡುವೆ ನೆಟ್ಟು ಚೆಂದ ನೋಡುವುದಿಲ್ಲ.

ಆದ್ದರಿಂದ, ಬಂಧುಗಳೆ, ಬರೀ "ಮಕ್ಕಳನ್ನು ಹಿಂದೆ ನಿಲ್ಲಿಸಿ" ಎಂದು ಹೇಳಿ ಕೂರುವುದು ನಮ್ಮ ಉದ್ದೇಶವಲ್ಲ. ಹಾಗೆ ಹೇಳಿದರೆ ಆ ತಂದೆಯ ಪಾಲಿಗೆ ಹಿಂದೆ ನಿಲ್ಲುವ ಇನ್ನೊಂದು ಸಾಲು ಹೆಚ್ಚಾಯಿತು, ಅಷ್ಟೆ. ಮಕ್ಕಳಿಗೆ ಅವರದೇ ಓಟವನ್ನು ಕೊಡೋಣ. ಅದಕ್ಕೆ ನಾವು ಹಾಕಿಕೊಂಡಿರುವ ಏರ್ಪಾಡನ್ನು ತಮ್ಮ ಮುಂದಿಡುತ್ತೇವೆ.

ದೊಡ್ಡವರ ಓಟಕ್ಕೆ ಮುಕ್ಕಾಲು ಗಂಟೆ ಮೊದಲೇ ಮಕ್ಕಳ ಓಟ. ಅತಿಥಿಗಳು, ಮೈಕು, ಫೋಟೋದವರು ಎಲ್ಲ ಆ ಹೊತ್ತಿಗೇ ಬಂದಿರಬೇಕು. ಇದು ಮುಖ್ಯ. ಮಕ್ಕಳ ಓಟವನ್ನು ಯಾರೂ ಇಲ್ಲದ ಹೊತ್ತಿನಲ್ಲಿ ಮುಗಿಸಿಬಿಟ್ಟರೆ ತಂದೆತಾಯಿಗಳು ಮತ್ತೆ ದೊಡ್ಡವರ ಗೆರೆಗೇ ಮಕ್ಕಳನ್ನು ತರುತ್ತಾರೆ. 8 ವರ್ಷದ ಒಳಗಿನವರಿಗೆ 100 ಮೀಟರ್. 8ರಿಂದ 10 ವರ್ಷದವರಿಗೆ 400 ಮೀಟರ್. 11ರಿಂದ 13 ವರ್ಷದವರಿಗೆ ಒಂದು ಕಿಲೋಮೀಟರ್. ಒಂದೊಂದು ಸಲಕ್ಕೆ ಒಂದೇ ವಯಸ್ಸಿನ ಗುಂಪು. ಒಂದು ಗುಂಪಿನಲ್ಲಿ 20 ಮಕ್ಕಳಿಗಿಂತ ಹೆಚ್ಚು ಬೇಡ. ಎಲ್ಲರೂ ಒಂದೇ ಸಾಲಿನಲ್ಲಿ, ರಸ್ತೆಯ ಅಗಲಕ್ಕೆ ಸಾಲದಿದ್ದರೆ ಎರಡು ಸಾಲಿನಲ್ಲಿ ನಿಲ್ಲಲಿ. ಆಗ ಹೆಚ್ಚುಕಡಿಮೆ ಪ್ರತಿ ಮಗುವೂ ಮುಂದಿನ ಸಾಲಿನ ಮಗುವೇ.

ಮಕ್ಕಳ ಓಟದಲ್ಲಿ ದೊಡ್ಡವರು ಜೊತೆಗೆ ಓಡಬಾರದು. ಮಗುವಿನ ಕೈಹಿಡಿದು ಓಡುವ ಅಪ್ಪ ಉಳಿದ ಮಕ್ಕಳಿಗೆ ಗೋಡೆಯಾಗುತ್ತಾನೆ. ಅಪ್ಪ ಅಮ್ಮ ಕೊನೆಯ ಗೆರೆಯ ಆಚೆ ನಿಂತು ಕರೆಯಲಿ. ಮಗು ಅವರ ಮುಖ ನೋಡಿಕೊಂಡೇ ಓಡಿಬರುತ್ತದೆ. ಪ್ರತಿ ಮಗುವಿನ ಅಂಗಿಗೆ ಒಂದು ಅಂಕಿಯ ಚೀಟಿ, ತಂದೆಯ ಇಲ್ಲವೆ ತಾಯಿಯ ಕೈಯಲ್ಲಿ ಅದೇ ಅಂಕಿಯ ಇನ್ನೊಂದು ಚೀಟಿ. ಎರಡೂ ಹೊಂದಿದರೆ ಮಾತ್ರ ಮಗುವನ್ನು ಕಳಿಸಿಕೊಡಬೇಕು. ಸೈಕಲ್ ಸ್ಟ್ಯಾಂಡಿನಲ್ಲಿ ಸೈಕಲ್ಲಿಗೆ ನಾವು ಇಷ್ಟು ಜತನ ಮಾಡುತ್ತೇವೆ, ಮಗುವಿಗೆ ಮಾಡುವುದು ಹೆಚ್ಚಲ್ಲ. ಬಹುಮಾನದ ಹಣ ಬೇಡ. ಓಡಿದ ಎಲ್ಲರಿಗೂ ಒಂದು ನೋಟ್‌ಬುಕ್ಕು, ಒಂದು ಬಾಳೆಹಣ್ಣು. ಹಣವಿಟ್ಟರೆ ಮಗು ಓಡುವುದಿಲ್ಲ, ಅಪ್ಪನ ಆಸೆ ಓಡುತ್ತದೆ.

ನಿಜವಾಗಿಯೂ ವೇಗವಾಗಿ ಓಡುವ ಹದಿಮೂರು ವರ್ಷದ ಹುಡುಗಿಯೊಬ್ಬಳಿದ್ದರೆ? ಇದ್ದಾಳೆ, ಎಲ್ಲ ಊರಿನಲ್ಲಿಯೂ ಇರುತ್ತಾಳೆ. ಅವಳಿಗಾಗಿ ಶಾಲಾ ಕ್ರೀಡಾಕೂಟಗಳಲ್ಲಿ 14ರ ಒಳಗೆ, 17ರ ಒಳಗೆ, 19ರ ಒಳಗೆ ಎಂದು ವಿಭಾಗಗಳಿವೆ. ಅವಳ ಹೆಸರನ್ನು ಬರೆದುಕೊಂಡು ಅಲ್ಲಿಗೆ ಕಳಿಸಿಕೊಡುವುದು, ಬಸ್ಸಿನ ಚಾರ್ಜು ಇಲ್ಲದಿದ್ದರೆ ನಾವು ಚಂದಾ ಎತ್ತುವುದು, ಇದು ಅವಳನ್ನು ದೊಡ್ಡವರ ಮುಂದೆ ನಿಲ್ಲಿಸಿ ಚಪ್ಪಾಳೆ ತಟ್ಟುವುದಕ್ಕಿಂತ ದೊಡ್ಡ ಉಪಕಾರ.

ದೊಡ್ಡವರ ಓಟಕ್ಕೆ ನಾಲ್ಕು ಅಂಕಣಗಳನ್ನು ಸುಣ್ಣದಲ್ಲಿ ಎಳೆಯೋಣ. ಮೊದಲನೆಯದರಲ್ಲಿ ಸ್ಪರ್ಧೆಗೆ ಓಡುವವರು, ಎರಡನೆಯದರಲ್ಲಿ ಸಾಧಾರಣ ವೇಗದವರು, ಮೂರನೆಯದರಲ್ಲಿ ನಿಧಾನದವರು, ಕೊನೆಯದರಲ್ಲಿ ನಡೆಯುವವರು ಮತ್ತು ಮಗುವಿನ ಕೈಹಿಡಿದೇ ಬರುತ್ತೇವೆನ್ನುವ ತಂದೆತಾಯಿಗಳು. ಪ್ರತಿ ಅಂಕಣಕ್ಕೂ ಒಂದು ಹಲಗೆ, ಒಂದು ಹಗ್ಗ. ಮೊದಲನೆಯ ಹಗ್ಗ ಬಿಚ್ಚಿದ ಒಂದು ನಿಮಿಷದ ಮೇಲೆ ಎರಡನೆಯದು. ಹೀಗೆ ಬಿಟ್ಟರೆ ಹಿಂದಿನವನು ಮುಂದಿನವನ ಮೇಲೆ ಬೀಳುವ ಪ್ರಸಂಗವೇ ಬರದು. ಬಹುಮಾನಕ್ಕೆ ಓಡುವವರೆಲ್ಲ ಮೊದಲನೆಯ ಅಂಕಣದಲ್ಲಿಯೇ ನಿಲ್ಲಬೇಕೆಂದು ಮೊದಲೇ ಸಾರಿಬಿಡೋಣ.

ಹಗ್ಗ ಹಿಡಿಯುವ ಕೆಲಸ ಗಿರಣಿಯ ಅಣ್ಣಂದಿರದು. ಸೈರನ್ ಕೂಗಿದಾಗ ಒಂದು ಪಾಳಿ ಹೊರಗೆ ಬಂದು ಇನ್ನೊಂದು ಪಾಳಿ ಒಳಗೆ ಹೋಗುವುದನ್ನು ದಿನವೂ ಮಾಡುವವರು ನೀವು. ನೂರಾರು ಜನ ಒಂದೇ ಬಾಗಿಲಲ್ಲಿ ಹೇಗೆ ಹಾಯಬೇಕೆಂದು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ವರ್ತಕ ಮಿತ್ರರಲ್ಲಿ ಒಂದು ಕೋರಿಕೆ. ನಿಮ್ಮ ಅಂಗಡಿಯ ಹೆಸರಿನ ಅಂಗಿಯನ್ನು ಮಕ್ಕಳಿಗೆ ಸಂತೋಷವಾಗಿ ಕೊಡಿ. ಆ ಅಂಗಿ ತೊಟ್ಟು ಅವರು ತಮ್ಮ ಓಟವನ್ನು ಓಡಲಿ. ಅಲ್ಲಿ ತೆಗೆದ ಫೋಟೋದಲ್ಲಿ ನಿಮ್ಮ ಹೆಸರೂ ಕಾಣುತ್ತದೆ, ಮಕ್ಕಳ ನಗೆಯೂ ಕಾಣುತ್ತದೆ. ದೊಡ್ಡವರ ಗೆರೆಯಲ್ಲಿ ತೆಗೆದ ಫೋಟೋದ ಮರುಕ್ಷಣದಲ್ಲಿ ಏನಾಗುತ್ತದೆಂದು ಈಗ ಲೆಕ್ಕ ಹಾಕಿ ನೋಡಿದ್ದೇವೆ.

ಇಷ್ಟೆಲ್ಲ ಮಾಡಿದರೂ ಆ ದಿನ ಒಂದಿಬ್ಬರು ಮಕ್ಕಳನ್ನು ಮುಂದಿನ ಗೆರೆಗೆ ತಂದೇ ತರುತ್ತಾರೆ. ಆಗ ಮೈಕಿನಲ್ಲಿ ಹೆಸರು ಹಿಡಿದು ಗದರಬೇಡಿ. ಹತ್ತು ಜನರ ಮುಂದೆ ಮಾನ ಹೋಯಿತೆಂದು ಆ ತಂದೆ ಹಟ ಹಿಡಿಯುತ್ತಾನೆ. ಹತ್ತಿರ ಹೋಗಿ, "ಅಣ್ಣ, ಮಗುವಿಗೆ ಒಂದು ಕೆಲಸವಿದೆ, ಬನ್ನಿ" ಎಂದು ಕರೆಯಿರಿ. ಕೆಲಸ ನಿಜವಾಗಿಯೂ ಇದೆ. ಗೆರೆಯ ಪಕ್ಕದಲ್ಲಿ, ರಸ್ತೆಯಿಂದ ಹೊರಗೆ, ಒಂದು ಗಟ್ಟಿ ವೇದಿಕೆಯನ್ನು ಹಾಕಿಸುತ್ತೇವೆ. ಅದರ ಮೇಲೆ ಮಕ್ಕಳು ನಿಲ್ಲುತ್ತಾರೆ. ಶಾಲೆಯ ಗಂಟೆಯೊಂದನ್ನು ತಂದು ಅಲ್ಲಿ ತೂಗುಹಾಕುತ್ತೇವೆ. ಶಾಸಕರಲ್ಲ, ಸಾಹುಕಾರರಲ್ಲ, ಆ ಮಕ್ಕಳೇ ಗಂಟೆ ಬಾರಿಸಿ ದೊಡ್ಡವರ ಓಟವನ್ನು ಬಿಡಲಿ. ಮಕ್ಕಳು ಬಾರಿಸುವ ತನಕ ಊರಿನ ಬಲಶಾಲಿಗಳೆಲ್ಲ ಗೆರೆಯ ಹಿಂದೆ ಕಾದಿರಲಿ.

ಸ್ವಯಂಸೇವಕರಾಗಲು ಒಪ್ಪುವವರು ಇಲ್ಲಿ ಮೇಜಿನ ಬಳಿ ಹೆಸರು ಬರೆಸಬೇಕು. ಹಗ್ಗಕ್ಕೆ 16 ಮಂದಿ, ಮಕ್ಕಳ ಚೀಟಿಗೆ 6 ಮಂದಿ, ವೇದಿಕೆಯ ಬಳಿಗೆ 4 ಮಂದಿ ಬೇಕು. ಚೀಟಿಯ ಕೆಲಸಕ್ಕೆ ತಾಯಂದಿರು ಮುಂದೆ ಬಂದರೆ ಒಳ್ಳೆಯದು. ಅಳುವ ಮಗು ಅವರ ಮಾತನ್ನು ಬೇಗ ಕೇಳುತ್ತದೆ. ಬರುವ ಭಾನುವಾರ ಬೆಳಿಗ್ಗೆ 6 ಗಂಟೆಗೆ ರಸ್ತೆ ಅಳೆಯಲು ಹೋಗುತ್ತೇವೆ. ಟೇಪು ನಮ್ಮಲ್ಲಿದೆ, ಸುಣ್ಣವನ್ನು ಯಾರಾದರೂ ತರಬೇಕು.